ಹಳೇ ಕೋಲಿನ ಹಿಡಿತ

ಗಾಜಿನ ಮೇಜಿನ ಮೇಲೆ ಉರುಳಿಸಿದ ಹೊಸ ಪೂಲ್ ಕೋಲು ಕುಂಟಿತು. ಪ್ರತಿ ಸುತ್ತಿಗೂ ಅದರ ತುದಿ ಗಾಜಿನಿಂದ ಎದ್ದು ಟಕ್ಕೆಂದು ಬೀಳುತ್ತಿತ್ತು. ಅದನ್ನು ಒಯ್ಯಲು ಬಂದಿದ್ದ ಆಟಗಾರನ ಮುಖ ಇಳಿದುಹೋಯಿತು.

"ಹಿಡಿ ನಾನು ಹಿಂದೆಯೇ ಮಾಡಿಟ್ಟಿದ್ದು. ಮುಂದಿನ ಶಾಫ್ಟ್ ಲೇತಲ್ಲಿ ತಿರುವಿದ್ದು ಇವಳು. ಇವಳೇ ಹಾಳುಮಾಡಿದ್ದು," ಎಂದು ಅಪ್ಪ ಮಗಳ ಕಡೆ ಬೆರಳು ತೋರಿಸಿದರು.

ಮನೆಯವರು ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ತಕ್ಕಂತೆ ಅವಳು ಅಲ್ಲೇ ಸಿಡಿಯಬೇಕಿತ್ತು, ಆದರೆ ಕೋಲನ್ನೆತ್ತಿ ಇನ್ನೊಮ್ಮೆ ಉರುಳಿಸಿ ನೋಡಿದಳು. ಕಾಯಿಲೆ ಬಿದ್ದು ಅಪ್ಪನ ಬಲಗೈ ನಡುಗಲು ಶುರುವಾದಾಗಿನಿಂದ ಲೇತ್ ಯಂತ್ರದ ಮುಂದೆ ನಿಂತವಳು ಅವಳು. ಮೇಪಲ್ ಮರವನ್ನು ಯಂತ್ರದಲ್ಲಿ ತಿರುಗಿಸಿ ಕೂದಲೆಳೆಯಷ್ಟೇ ಹೆರೆದು, ತೊಲೆಗೆ ನೇತುಹಾಕಿ, ವಾರಗಟ್ಟಲೆ ಸುಮ್ಮನಿದ್ದು, ಮತ್ತೆ ಇಳಿಸಿ ಮತ್ತೆ ತಿರುವಬೇಕು. ಒಂದೇ ಸಲಕ್ಕೆ ತಿರುವಿಬಿಟ್ಟರೆ ಮರದೊಳಗಿನ ಬಿಗಿ ಸಡಿಲವಾಗಿ ಶಾಫ್ಟ್ ಬಾಗುತ್ತದೆ. ಈ ಪಾಠ ಹೇಳಿಕೊಟ್ಟವರೇ ಅಪ್ಪ.

"ಇವತ್ತಿಂದ ನೀನು ಲೇತ್ ಮುಟ್ಟಬೇಡ. ನಿಮ್ಮಣ್ಣ ಫ್ಯಾಕ್ಟರಿ ಮಾಲು ತರಿಸ್ತಾನೆ. ನೀನು ಪೆಟ್ಟಿಗೆ ಒರೆಸ್ಕೊಂಡು ಬಿದ್ದಿರು."

ಅಂಗಡಿಯ ಮಾರಾಟ ನೋಡಿಕೊಳ್ಳುವ ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಫ್ಯಾಕ್ಟರಿ ಮಾಲಿನ ಮಾತು ಶುರುಮಾಡಿದವನೂ ಅವನೇ.

ಆಟಗಾರ ಶಾಫ್ಟನ್ನು ಬೆರಳ ಸಂದಿಯಲ್ಲಿ ಜಾರಿಸಿ ನೋಡಿದ. "ವಿಚಿತ್ರ ಕಣ್ರೀ. ನಾನು ಹುಡುಗನಾಗಿದ್ದಾಗ ನೀವೇ ಮಾಡಿಕೊಟ್ಟ ಹಳೇ ಕೋಲು ಹಿಡಿದ ಹಾಗೇ ಇದೆ. ಬಾಗಿರದಿದ್ರೆ ಕಣ್ಮುಚ್ಚಿ ತಗೊಳ್ತಿದ್ದೆ."

ಪಟಾಕಿ ದಡದಡನೆ ಮೆಟ್ಟಿಲು ಹತ್ತಿದಳು. ಮಹಡಿಯ ಕೋಣೆಯಲ್ಲಿ ಅವಳ ಸೋದರಮಾವ ಇದ್ದರು. ಪೊಲೀಸ್ ಪತ್ತೇದಾರಿಕೆಯಿಂದ ನಿವೃತ್ತರಾಗಿ ತಂಗಿಯ ಮನೆ ಸೇರಿದವರು. ತಂಗಿ ತೀರಿಹೋದ ಮೇಲೂ ಅಲ್ಲೇ ಉಳಿದಿದ್ದರು. ಬೀದಿಯ ಕಳವು, ಸುಳ್ಳು, ಜಗಳಗಳೆಲ್ಲ ಈಗಲೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದವು, ಜೊತೆಗೆ ಓಡಾಡಲು ಪಟಾಕಿ ಇದ್ದೇ ಇರುತ್ತಿದ್ದಳು.

"ಮೆಟ್ಟಿಲು ಏನು ತಪ್ಪು ಮಾಡ್ತಮ್ಮ?" ಎಂದರು ಮಾವ.

"ತಮಾಷೆ ಬೇಡ ಮಾವ. ನನ್ನ ಕೈ ಕಟ್ಟಿಹಾಕಿದಾರೆ." ಅವಳು ನಡೆದಿದ್ದನ್ನೆಲ್ಲ ಉಗುಳಿದಳು.

"ಕೋಲು ನೆಟ್ಟಗಿದ್ದಿದ್ದನ್ನ ಕೊನೇ ಸಲ ನೋಡಿದ್ದು ಯಾವಾಗ?"

"ಹೋದ ವಾರ, ಮರ ಆರಿಸೋಕೆ ಹೊರಡೋ ಮುಂಚೆ. ನಾನೇ ಉರುಳಿಸಿ ನೋಡಿ ಪೆಟ್ಟಿಗೆಗೆ ಹಾಕಿದ್ದೆ. ಅಣ್ಣನೂ ಬಂದಿದ್ದ, ಅರ್ಧ ದಾರೀಲಿ ಹೊಟ್ಟೆನೋವು ಅಂತ ವಾಪಸ್ ಹೋದ. ಅವನದೇ ಕೆಲಸ ಇದು!"

"ಹೊಟ್ಟೆನೋವನ್ನ ಆಮೇಲೆ ವಿಚಾರಿಸೋಣ, ನಡಿ."

ಕೆಳಗೆ ಮಾವ ಮೊದಲು ಕೈಹಾಕಿದ್ದು ಲೇತ್ ಪಕ್ಕದ ಕಸದ ಡಬ್ಬಕ್ಕೆ. ಮೇಲೆ ಪುಡಿಯಂಥ ತೆಳು ಹೊಟ್ಟು, ಅದರಡಿ ಗೆಣಸು ಹೆರೆದಂಥ ದಪ್ಪ ಸಿಪ್ಪೆ. ಪಟಾಕಿಯ ಹುಬ್ಬು ಗಂಟಿಕ್ಕಿತು. ಇಷ್ಟು ದಪ್ಪಕ್ಕೆ ಅವಳೆಂದೂ ಮರ ತೆಗೆದವಳಲ್ಲ.

ಮಾವ ಹಿಡಿಯಿಂದ ಶಾಫ್ಟನ್ನು ಬಿಚ್ಚಿ, ತಿರುಪಿನ ತೂತಿನೊಳಗೆ ಚಾಕುವಿನ ಮೊನೆಯಿಂದ ಕೆರೆದರು. ಹೊರಗೆ ಜೇನಿನ ಬಣ್ಣ, ಒಳಗೆ ಹಾಲಿನಂಥ ಬಿಳುಪು.

"ಬಣ್ಣ ಬಳಿದಿದಾರೆ! ನನ್ನ ಮರ ಒಳಗೂ ಹೊರಗೂ ತಾನಾಗೇ ಮಾಗಿತ್ತು. ಇದು ನನ್ನ ಶಾಫ್ಟೇ ಅಲ್ಲ ಮಾವ!"

ಅವಳು ಅಣ್ಣನ ಕೊರಳಪಟ್ಟಿಗೆ ಕೈಹಾಕಿದಳು. "ಎಲ್ಲೋ ನನ್ನ ಶಾಫ್ಟು? ಫ್ಯಾಕ್ಟರಿಯಿಂದ ತಂದು ಇದನ್ನ ಸೇರಿಸಿದೀಯಲ್ಲ!"

"ಬಿಡೇ, ಉಸಿರು ಕಟ್ತಿದೆ! ನಾನು ಮುಟ್ಟಿಲ್ಲ ಕಣೇ!"

"ಬಿಡಮ್ಮ ಅವನನ್ನ," ಎಂದರು ಮಾವ. "ಆಟಗಾರರೇ, ನಿಮ್ಮ ಹಳೇ ಕೋಲು ತಂದಿದೀರಾ?"

ಮಧ್ಯಾಹ್ನ ಎಲ್ಲರೂ ಗಾಜಿನ ಮೇಜಿನ ಸುತ್ತ ಸೇರಿದರು. ಮಾವ ಮೇಜಿನ ಮೇಲೆ ಬಾಗಿದ ಶಾಫ್ಟ್, ಆಟಗಾರನ ಹಳೇ ಶಾಫ್ಟ್, ತೊಲೆಯಿಂದ ಇಳಿಸಿದ ಪಟಾಕಿಯ ಅರೆಮುಗಿದ ಶಾಫ್ಟ್‌ಗಳನ್ನು ಸಾಲಾಗಿ ಇಟ್ಟರು.

"ಬಾಗಿದ್ದು ಇವಳ ಶಾಫ್ಟ್ ಅಲ್ಲ. ಒಂದೇ ಸಲಕ್ಕೆ ತಿರುವಿ, ಹಳೇದಾಗಿ ಕಾಣಲಿ ಅಂತ ಬಣ್ಣ ಬಳಿದಿದ್ದು. ಆ ದಪ್ಪ ಸಿಪ್ಪೆ ಅದರದೇ. ಫ್ಯಾಕ್ಟರಿಯಿಂದ ತಂದಿದ್ದೂ ಅಲ್ಲ. ಈ ಮನೆಯ ತಿರುಪಿನ ಅಳತೆ ಬೇರೆ ಎಲ್ಲೂ ಇಲ್ಲ, ಹೊರಗಿನ ಶಾಫ್ಟ್ ಈ ಹಿಡಿಗೆ ಕೂರೋದೇ ಇಲ್ಲ. ಹಾಗಾಗಿ ಇಲ್ಲೇ, ಈ ಲೇತಿನ ಮೇಲೇ ಆಗಿದ್ದು. ಇವನಿಗೆ ಪೆನ್ಸಿಲ್ ಹೆರೆಯೋಕೂ ಬರಲ್ಲ."

"ನಿಜ," ಎಂದ ಅಣ್ಣ, ಬದುಕಿದೆಯಾ ಬಡಜೀವವೇ ಎಂಬಂತೆ. "ಮರ ಆರಿಸೋಕೆ ಹೋದ ದಿನ ಹೊಟ್ಟೆನೋವು ಅಂತ ಸುಳ್ಳು ಹೇಳಿ ಫ್ಯಾಕ್ಟರಿ ಮಾಲಿನ ರೇಟು ಕೇಳೋಕೆ ಹೋಗಿದ್ದೆ, ಮನೆ ಸೇರಿದ್ದು ರಾತ್ರಿ."

"ಮಾಡಿದವರು ಯಾರು ಅಂತ ಆಟಗಾರರು ಬೆಳಿಗ್ಗೇನೇ ಹೇಳಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹಳೇ ಕೋಲು ಹಿಡಿದ ಹಾಗೇ ಇದೆ ಅಂದ್ರು." ಮಾವ ಕ್ಯಾಲಿಪರ್ ಹಿಡಿದು ಒಂದೊಂದೇ ಶಾಫ್ಟನ್ನು ಅಳೆದು ತೋರಿಸಿದರು. "ಪಟಾಕಿಯ ಶಾಫ್ಟ್ ತುದಿಯಿಂದ ಗೇಣು ದಾಟುತ್ತಲೇ ದಪ್ಪವಾಗ್ತಾ ಹೋಗುತ್ತೆ. ತೊಲೆಗೆ ತೂಗುತ್ತಿದ್ದವೆಲ್ಲ ಹಾಗೇ ಇವೆ. ಹಳೇ ಕೋಲು ಮೊಳದುದ್ದಕ್ಕೂ ಒಂದೇ ದಪ್ಪ, ಏರೋದು ಆಮೇಲೆ. ಬಾಗಿದ್ದೂ ಹಾಗೇ. ಇದು ಒಬ್ಬೊಬ್ಬರ ಕೈ ರೂಢಿ. ಭಾವ, ಇದು ನಿಮ್ಮ ಕೈ."

ಪಟಾಕಿ ಅಣ್ಣನ ಕಡೆ, ಆಮೇಲೆ ಅಪ್ಪನ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಅಣ್ಣನನ್ನು ಬೈದ ಬೈಗುಳವೆಲ್ಲ ಈಗ ಯಾರ ಮೇಲೆ ಸುರಿಯಬೇಕೆಂದು ತಿಳಿಯದೆ ನಿಂತಳು.

"ನೀವ್ಯಾರೂ ಮನೇಲಿಲ್ಲದಾಗ ತಿರುವಿದೆ," ಎಂದರು ಅಪ್ಪ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿ. "ಇವರು ಕೇಳಿದ್ದು ನನ್ನ ಕೋಲು. ನನ್ನ ಕೊನೇ ಕೋಲಿನಲ್ಲಿ ಬೇರೆಯವರ ಕೈ ಇರೋದು ಬೇಡ ಅನ್ನಿಸ್ತು. ತಿಂಗಳುಗಟ್ಟಲೆ ಕಾಯೋಕೆ ನನ್ನ ಹತ್ರ ತಿಂಗಳುಗಳು ಎಲ್ಲಿವೆ? ತಿರುವಿದ ದಿನ ನೆಟ್ಟಗೇ ಇತ್ತು."

"ನನ್ನದನ್ನ ಏನು ಮಾಡಿದ್ರಿ?"

"ನನ್ನ ಹಾಸಿಗೆ ಕೆಳಗಿದೆ. ಮುರಿಯೋಕೆ ಮನಸ್ಸು ಬರಲಿಲ್ಲ."

ಅಣ್ಣ ಓಡಿಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಶಾಫ್ಟನ್ನು ತಂದ. ಪಟಾಕಿ ಅದನ್ನು ಹಿಡಿಗೆ ಬಿಗಿದು ಗಾಜಿನ ಮೇಲೆ ಉರುಳಿಸಿದಳು. ಕೋಲು ಸದ್ದಿಲ್ಲದೆ ಹೋಗಿ ಆ ಅಂಚಿನಲ್ಲಿ ನಿಂತಿತು.

ಆಟಗಾರ ಕೈಗೆತ್ತಿಕೊಂಡು ಬೆರಳಲ್ಲಿ ಜಾರಿಸಿದ. "ಹಳೇದರ ಹಾಗಿಲ್ಲ," ಎಂದ. ಮತ್ತೊಮ್ಮೆ ಜಾರಿಸಿದ. "ಆದ್ರೆ ಇದನ್ನ ಬಿಟ್ಟು ಹೋಗಲ್ಲ."

ಅಪ್ಪನ ಕಣ್ಣು ತುಂಬಿತು. "ಲೇತ್ ನಿಂದೇ ಕಣಮ್ಮ. ಹೋಗು, ಕೆಲಸ ನೋಡು."

"ಅಷ್ಟು ಸುಲಭಕ್ಕೆ ಹೋಗಲ್ಲ." ಅವಳು ಅಪ್ಪನ ಎದುರಿಗೇ ಬಂದು ನಿಂತಳು. "ನಿಮಗೆ ಆಸೆಯಾಯ್ತು, ತಿರುವಿದ್ರಿ. ನನ್ನದನ್ನ ಬಚ್ಚಿಟ್ರಿ. ಅದನ್ನೂ ನುಂಗ್ಕೊಳ್ತೀನಿ. ನಿಮ್ಮದು ಬಾಗಿದಾಗ ನನ್ನ ಕಡೆ ಬೆರಳು ತೋರಿಸಿದ್ರಲ್ಲ, ಅದನ್ನ ನುಂಗೋಕಾಗಲ್ಲ. ಇವರೆಲ್ಲರ ಮುಂದೆ ಹೇಳಿದ್ರಿ. ಈಗ ಇವರೆಲ್ಲರ ಮುಂದೆನೇ ಹೇಳಿ."

ಅಪ್ಪ ಸಹಾಯಕ್ಕಾಗಿ ಮಾವನ ಕಡೆ ನೋಡಿದರು. ಮಾವ ಕ್ಯಾಲಿಪರನ್ನು ಡಬ್ಬಿಗೆ ಹಾಕುವುದರಲ್ಲಿ ಮುಳುಗಿದ್ದರು.

"ಹಾಳುಮಾಡಿದ್ದು ನಾನು," ಎಂದರು ಅಪ್ಪ, ನೆಲ ನೋಡುತ್ತ.

"ನೆಲಕ್ಕಲ್ಲ ಅಪ್ಪ. ಅವರಿಗೆ ಹೇಳಿ."

ಅಪ್ಪ ತಲೆಯೆತ್ತಿ ಆಟಗಾರನನ್ನು ನೋಡಿದರು. "ಹಾಳುಮಾಡಿದ್ದು ನಾನು. ನೆಟ್ಟಗೆ ಮಾಡಿದ್ದು ನನ್ನ ಮಗಳು."

ಅವಳ ಸಿಟ್ಟು ಇಳಿಯಲಿಲ್ಲ. ಅರೆಮುಗಿದ ಶಾಫ್ಟ್‌ಗಳನ್ನು ಎತ್ತಿಕೊಂಡು, ಅಪ್ಪನ ಪಕ್ಕದಿಂದಲೇ ಹಾದುಹೋಗಿ, ಒಂದೊಂದನ್ನೇ ತೊಲೆಗೆ ನೇತುಹಾಕತೊಡಗಿದಳು.