ತಗಡಿನ ಕಂಬ

ಹಿಂದಿನಿಂದ ಬಂದ ಕೈ ನನ್ನ ಕುತ್ತಿಗೆಯನ್ನು ಇಕ್ಕಳದಂತೆ ಹಿಡಿಯಿತು.

"ಕಂಬ ಮುಟ್ಬೇಡ!"

ವೆಲ್ಡರ್. ಬಾಗಿಲಿನಷ್ಟು ಅಗಲದ ಆಸಾಮಿ. ಇನ್ನೊಂದು ಕೈಯಲ್ಲಿ ಕಬ್ಬಿಣದ ರಾಡು!

ಹೇಗೆ ಸಿಕ್ಕಿಕೊಂಡೆ ಅಂತೀರಾ? ಪತ್ತೇದಾರಿಕೆ ನನ್ನ ಕಸುಬು. ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಇಂಟೀರಿಯರ್ ಡಿಸೈನರ್ ಹುಡುಗಿ, ಕಾಲಿಗೆ ಪ್ಲಾಸ್ಟರ್.

"ಹಳೇ ವರ್ಕ್‌ಶಾಪನ್ನ ರೆಸ್ಟೋರೆಂಟ್ ಮಾಡಿದೀವಿ ಸಾರ್. ನಡುವಿನ ಕಂಬ ತುಕ್ಕು ತಿಂದಿದೆ. ಬದಲಾಯಿಸಿ ಅಂದೆ. ಮಾಲೀಕರು ನಮ್ಮ ಭಾವಾನೇ. ವೆಲ್ಡರ್ ಕೈಲಿ ಹಳೇ ಕಂಬಕ್ಕೇ ತಗಡು ಸುತ್ತಿಸಿ ಬಣ್ಣ ಹೊಡೆಸಿದಾರೆ! ರೆಸ್ಟೋರೆಂಟ್ ಓಪನ್ ಮಾಡೋಕೆ ಬಿಡಲ್ಲ ಅಂದಿದ್ದಕ್ಕೆ... ಅಟ್ಟದಿಂದ ತಳ್ಳಿಬಿಟ್ರು."

"ಪೊಲೀಸ್?"

"ಕಾಲು ಜಾರ್ತು ಅಂತ ಬರ್ಕೊಂಡ್ರು. ಅಕ್ಕನೂ ಗಂಡನ ಮಾತನ್ನೇ ನಂಬಿದಾಳೆ. ಇವತ್ತು ಹನ್ನೆರಡಕ್ಕೆ ಉದ್ಘಾಟನೆ ಸಾರ್!"

ನಾನು ಹಿಂಬಾಗಿಲಿನಿಂದ ನುಗ್ಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಗಾರೆ ಕಿತ್ತ ಇಟ್ಟಿಗೆ ಗೋಡೆ. ಸೂರಿನ ಕೆಳಗೆ ಬೆತ್ತಲೆ ಪೈಪುಗಳು, ಸರಪಳಿಗೆ ತೂಗಿದ ದೀಪಗಳು. ಎಂಟು ಟೇಬಲ್. ನಡುವೆ ಆ ಕಪ್ಪು ಕಂಬ.

ತಟ್ಟಿದೆ. ಖಾಲಿ ಡಬ್ಬದ ಸದ್ದು!

ಆಗಲೇ ಕುತ್ತಿಗೆಗೆ ಕೈ ಬಿದ್ದದ್ದು.

ಮೊಣಕೈ ಬೀಸಿದೆ. ಅವನ ಪಕ್ಕೆಗೆ ಬಿತ್ತು. ಹಿಡಿತ ಸಡಿಲಿತು. ರಾಡು ಎತ್ತಿದ. ಬಗ್ಗಿದೆ!

ಧಡ್!

ಏಟು ಕಂಬಕ್ಕೆ ಬಿತ್ತು. ತಗಡು ಬಾಯಿಬಿಟ್ಟಿತು. ಒಳಗೆ ಗೆದ್ದಲು ತಿಂದಂತಿದ್ದ ಕಬ್ಬಿಣ. ಮೇಲಿನ ತೊಲೆ ನರಳಿತು. ನನ್ನ ಹೆಗಲ ಮೇಲೆ ಧೂಳು ಉದುರಿತು.

ವೆಲ್ಡರ್ ಮೇಲೆ ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ. ರಾಡು ಎಸೆದು ಹಿಂಬಾಗಿಲಿಗೆ ಓಟ ಕಿತ್ತ.

ಅಷ್ಟರಲ್ಲಿ ಮುಂಬಾಗಿಲು ತೆರೆಯಿತು...

ಚಪ್ಪಾಳೆ! ಕತ್ತರಿ ಹಿಡಿದ ಅಕ್ಕ ಮುಂದೆ, ಪಕ್ಕದಲ್ಲಿ ನಗುವ ಮಾಲೀಕ, ಹಿಂದೆ ಮೂವತ್ತು ಜನ. ಮಕ್ಕಳೂ ಇದ್ದರು.

"ಒಳಗೆ ಬರಬೇಡಿ! ಸೂರು ಬೀಳತ್ತೆ!"

ಮಾಲೀಕನ ನಗು ಮಾಸಲಿಲ್ಲ. "ಯಾರೋ ಕುಡುಕ. ಬನ್ನಿ, ಬನ್ನಿ, ಕೂತ್ಕೊಳ್ಳಿ."

ಜನ ನಕ್ಕರು. ಕೂತರು ಕೂಡ!

ನಾನು ಅಕ್ಕನ ಮುಂದೆ ನಿಂತೆ. "ಅಮ್ಮಾ, ನಿಮ್ಮ ತಂಗಿ ಕಾಲು ಜಾರಿ ಬೀಳಲಿಲ್ಲ. ಆ ಕಂಬ ನೋಡಿ."

ಅವರು ಹರಿದ ತಗಡನ್ನು ನೋಡಿದರು. ಮತ್ತೆ ಗಂಡನನ್ನು.

"ರೀ... ಅವಳು ಹೇಳಿದ್ದು ನಿಜಾನಾ?"

"ಆಮೇಲೆ ಮಾತಾಡೋಣ ಕಣೇ, ಜನ ನೋಡ್ತಿದಾರೆ."

ಆ ಹೆಂಗಸು ಅಳಲಿಲ್ಲ. ಜನರತ್ತ ತಿರುಗಿ ಎದೆ ಬಿರಿಯುವಂತೆ ಕೂಗಿದರು.

"ಗ್ಯಾಸ್ ಲೀಕ್! ಎಲ್ಲರೂ ಹೊರಗೆ ಓಡಿ!"

ಭಲೇ! ಕಂಬಕ್ಕೆ ಹೆದರದವರು ಗ್ಯಾಸಿಗೆ ಹೆದರಿದರು. ಕುರ್ಚಿಗಳು ಉರುಳಿದವು. ಇಬ್ಬರು ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿದೆ. ಮಾಲೀಕ ಮಾತ್ರ ಹರಿದ ತಗಡಿಗೆ ಟೇಬಲ್ ಕ್ಲಾತ್ ಸುತ್ತುತ್ತಿದ್ದ! ಅಕ್ಕ ಅವನ ಕಾಲರ್ ಹಿಡಿದು ದರದರ ಎಳೆದು ತಂದರು.

ನಾವು ಹೊಸ್ತಿಲು ದಾಟಿದೆವು. ಹಿಂದೆ ಸೂರು ಕುಸಿಯಿತು.

ಧೂಳು ಅಡಗಲು ಹತ್ತು ನಿಮಿಷ ಬೇಕಾಯಿತು. ಒಬ್ಬರಿಗೂ ಗಾಯವಿಲ್ಲ. ಪೊಲೀಸರು ಬಂದಾಗ ಅಕ್ಕನೇ ಗಂಡನತ್ತ ಕೈ ತೋರಿಸಿದರು.

ಆಸ್ಪತ್ರೆಯಿಂದ ಫೋನ್. ಹುಡುಗಿಗೆ ಸುದ್ದಿ ಆಗಲೇ ಮುಟ್ಟಿತ್ತು. "ಸಾರ್, ನನ್ನ ಕೆಲಸದಲ್ಲಿ ಏನಾದ್ರೂ ಉಳೀತಾ?"

"ನಿಮ್ಮ ಇಟ್ಟಿಗೆ ಗೋಡೆ ನಿಂತಿದೆಯಮ್ಮ," ಅಂದೆ. "ನಿಮ್ಮ ಭಾವ ಪೊಲೀಸ್ ಜೀಪಲ್ಲಿ ಕೂತಿದಾರೆ."