ಇರುವೆ ಹತ್ತಿದ ಹಾಯಿದೋಣಿ

೨೦೨೫ರ ಮೇ ೨೦, ಮಂಗಳವಾರ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ವಿಜಯಪುರದ ಜೋರಾಪುರ ಪೇಟೆಯ ಶಹಜಾದಿ ಎಂಬ ಮಹಿಳೆ ಬಬಲೇಶ್ವರ ಪೊಲೀಸ್ ಠಾಣೆಗೆ ಬಂದು, ಮಡಚಿ ತಂದಿದ್ದ ದೂರನ್ನು ಇನ್ಸ್‌ಪೆಕ್ಟರ್ ವಿಜಯಲಕ್ಷ್ಮೀ ಅವರ ಮೇಜಿನ ಮೇಲಿಟ್ಟರು. ಎರಡು ದಿನಗಳ ಹಿಂದೆ, ಭಾನುವಾರ ಸಂಜೆ, ಬಬಲೇಶ್ವರದ ಹೊರಗಿನ ಕೆರೆಯಲ್ಲಿ ಹಾಯಿದೋಣಿಯೊಂದು ಮುಳುಗಿತ್ತು. ಅದರ ಕೋಣೆಯೊಳಗೆ ಸಿಕ್ಕಿಕೊಂಡು ಸತ್ತ ಏಸಿ ಮೆಕ್ಯಾನಿಕ್ ಫೈಜಲ, ಇಪ್ಪತ್ತಾರರ ಯುವಕ, ಶಹಜಾದಿಯವರ ಒಬ್ಬನೇ ಮಗ. ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣ ಆಗಲೇ ದಾಖಲಾಗಿತ್ತು.

“ದೂರು ಯಾರ ಮ್ಯಾಲ?” ವಿಜಯಲಕ್ಷ್ಮೀ ಕೇಳಿದರು.

“ಯಾರ ಮ್ಯಾಲೂ ಅಲ್ರಿ. ನನ್ನ ಮಗನ ಮ್ಯಾಲ ಹೊರಿಸ್ಯಾರಲ್ಲ, ಅದನ್ನ ಇಳಿಸ್ರಿ.”

“ಏನ್ ಹೊರಿಸ್ಯಾರ?”

“ಏಸಿ ಹಾಕಾಕ ಹೋಗಿ ದೋಣಿಗೆ ತೂತ ಹಾಕಿದ, ತನ್ನ ತೂತಿನಿಂದ ತಾನ ಸತ್ತ ಅಂತ. ಮಣ್ಣಿಗೆ ಬಂದವರ ಅಂದ್ರು, ನನ್ನ ಮುಂದ. ಎಂಟ ವರ್ಷದಿಂದ ಮಂದಿ ಗ್ವಾಡಿಗೆ ತೂತ ಹಾಕ್ಯಾನ್ರಿ ಅಂವ. ಒಂದ ಮನ್ಯಾಗೂ ಮಳಿನೀರ ಒಳಗ ಬಂದಿಲ್ಲ.”

“ತೂತ ಅವಂದ ಅಂತ ಗೊತ್ತಾದ್ರ ನಾನು ಹಂಗ ಬರೀಬೇಕಾಗ್ತದ.”

“ಬರೀರಿ. ಅಂವಂದಲ್ಲ ಅಂದ್ರ ಅದನ್ನೂ ಅಷ್ಟ ದೊಡ್ಡ ಅಕ್ಷರದಾಗ ಬರೀರಿ.”

ನಿರ್ಲಕ್ಷ್ಯದಿಂದ ಉಂಟಾದ ಸಾವು ಎಂದು, ಭಾರತೀಯ ನ್ಯಾಯ ಸಂಹಿತೆಯ ಕಲಂ ೧೦೬ರ ಅಡಿ, ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕ್ರೇನ್ ತರಿಸಿ ದೋಣಿಯನ್ನು ದಡಕ್ಕೆ ಎತ್ತಲಾಯಿತು. ಬಿಳಿ ಫೈಬರಿನ, ಇಪ್ಪತ್ನಾಲ್ಕು ಅಡಿ ಉದ್ದದ ಹಳೆಯ ಹಾಯಿದೋಣಿ. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸತೀಶಕುಮಾರ ಅದನ್ನು ಗೋವಾದಿಂದ ಕೊಂಡು ತಂದಿದ್ದ. ಗೋಳಗುಮ್ಮಟ ನೋಡಿ ಬಿಸಿಲಿಗೆ ಬಳಲಿದ ಪ್ರವಾಸಿಗರನ್ನು ತಂಪಾದ ಕೋಣೆಯಲ್ಲಿ ಕೂರಿಸಿ ಕೆರೆ ಸುತ್ತಿಸಬೇಕೆಂಬುದು ಅವನ ಯೋಜನೆ. ದೋಣಿ ತಿಕೋಟಾದ ಅವನ ದ್ರಾಕ್ಷಿ ಶೆಡ್ಡಿನಲ್ಲಿ ಟ್ರೇಲರಿನ ಮೇಲಿದ್ದಾಗಲೇ ಫೈಜಲ ಮತ್ತು ಅವನ ಜೊತೆಗಾರ ಯುನುಸ ಏಸಿ ಕೂರಿಸಿದ್ದರು.

ಪಂಚರ ಸಮಕ್ಷಮದಲ್ಲಿ ಪಂಚನಾಮೆ ಆರಂಭವಾಯಿತು. ದೋಣಿಯ ಹಿಂಬದಿಯಲ್ಲಿ, ಮೇಲಂಚಿಗೆ ಹತ್ತಿರ, ಏಸಿಯ ನೀರು ಹೊರಬೀಳುವ ಒಂದು ರಂಧ್ರವಿತ್ತು. ಅಂಚು ಉಜ್ಜಿ ನಯ ಮಾಡಿ, ರಬ್ಬರಿನ ಉಂಗುರ ತೊಡಿಸಿ, ಸುತ್ತ ಅಂಟು ಹಚ್ಚಲಾಗಿತ್ತು. ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ಆದರೆ ಎಡ ಪಕ್ಕೆಯಲ್ಲಿ ಬೆರಳು ತೂರುವಷ್ಟು ಅಗಲದ ನಾಲ್ಕು ರಂಧ್ರಗಳು ಒಂದೇ ಸಾಲಿನಲ್ಲಿದ್ದವು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಗೇಣು.

ಹೆಡ್ ಕಾನ್‌ಸ್ಟೆಬಲ್ ಮುತ್ತು ಹತ್ತಿರ ಬಗ್ಗಿ ನೋಡಿದ. “ಏಸಿ ಅಂದ್ರ ಇಷ್ಟು ತೂತ ಇರೂದ ಮ್ಯಾಡಮ್. ನಮ್ಮ ಮನ್ಯಾಗ ಹಾಕಿದವರು ಗ್ವಾಡಿ ಜರಡಿ ಮಾಡಿ ಹ್ವಾದ್ರು.”

“ಇದರಾಗ ಯಾವ ಪೈಪ್ ಹಾದೈತಿ, ತೋರಿಸು.”

ಮುತ್ತು ಬ್ಯಾಟರಿ ಹಿಡಿದು ಒಳಗೆ ಇಣುಕಿದ. ಪೈಪೂ ಇರಲಿಲ್ಲ, ವೈರೂ ಇರಲಿಲ್ಲ. ನಾಲ್ಕೂ ರಂಧ್ರಗಳು ಕೋಣೆಯ ನೆಲಹಲಗೆಯ ಕೆಳಗೆ ತೆರೆದುಕೊಂಡಿದ್ದವು. ಅಲ್ಲಿ ನೀರು ಸೇರಿದರೆ ಮೇಲೆ ನಿಂತವರಿಗೆ ಕಾಣುವಂತಿರಲಿಲ್ಲ.

ಯುನುಸನನ್ನು ಕರೆಸಿದ್ದರು. ಅವನು ದೋಣಿಯ ಕಡೆ ಮುಖ ಮಾಡದೆ ನಿಂತಿದ್ದ.

“ಎಷ್ಟು ತೂತ ಹಾಕಿದ್ರಿ?”

“ಒಂದ ರೀ, ಹಿಂದಿಂದು. ಮತ್ತೊಂದು ಹಾಕೂ ಕೆಲಸಾನ ಇರಲಿಲ್ಲ. ಬಿಸಿಗಾಳಿ ಮ್ಯಾಲಿನ ಕಿಂಡಿಯಿಂದ ಹೋಗ್ತಿತ್ತು.”

“ಈ ನಾಕು?”

“ಯಾವ ಹುಚ್ಚ ಹಾಕ್ಯಾನೋ. ಫೈಬರ್ ಕೊರದ್ರ ಪುಡಿ ಚರ್ಮದಾಗ ಹೊಕ್ಕು ನಾಕ ದಿನ ತುರಸ್ತದ ರೀ. ಒಂದ ತೂತಿಗೆ ನಾವು ಕೈಗವಸ, ತುಂಬತೋಳ ಅಂಗಿ ಹಾಕ್ಕೊಂಡಿದ್ವಿ. ಫೈಜಲ ನನಗ ‘ಮದುಮಗನಂಗ ಕಾಣ್ತಿಯಲೇ’ ಅಂತ ನಕ್ಕಿದ್ದ.”

ವಿಜಯಲಕ್ಷ್ಮೀ ರಂಧ್ರದ ಅಂಚನ್ನು ಬೆರಳಿನಿಂದ ಸವರಿದರು. ಹೊರಗಿನ ಅಂಚು ನುಣುಪಾಗಿತ್ತು. ಒಳಗಿನ ಅಂಚಿನಲ್ಲಿ ಫೈಬರಿನ ಎಳೆಗಳು ಸಿಗಿದು ಮುಳ್ಳಿನಂತೆ ಎದ್ದಿದ್ದವು. ಡ್ರಿಲ್ ಹೊಕ್ಕ ಕಡೆ ಅಂಚು ನುಣುಪು, ಹೊರಬಿದ್ದ ಕಡೆ ಒರಟು. ಕೊರೆದವನು ದೋಣಿಯ ಹೊರಗೆ ನಿಂತಿದ್ದ. ಅಂಟು, ರಬ್ಬರು ಯಾವುದನ್ನೂ ಬಳಸಿರಲಿಲ್ಲ.

ಒಂದು ಅಂಶ ಮಾತ್ರ ಹೊಂದುತ್ತಿರಲಿಲ್ಲ. ದೋಣಿಯನ್ನು ಮೇ ೧೧ರಂದೇ ನೀರಿಗಿಳಿಸಲಾಗಿತ್ತು. ನಾಲ್ಕು ತೂತಿನ ದೋಣಿ ಒಂದು ವಾರ ಹೇಗೆ ತೇಲಿತು? ಉತ್ತರ ದೋಣಿಯ ಮೈಮೇಲೆಯೇ ಇತ್ತು. ಒಂದು ವಾರ ನಿಂತ ನೀರು ಪಕ್ಕೆಯ ಮೇಲೆ ಹಸಿರು ಗೆರೆ ಬಿಟ್ಟಿತ್ತು. ರಂಧ್ರಗಳು ಆ ಗೆರೆಗಿಂತ ನಾಲ್ಕು ಬೆರಳು ಮೇಲಿದ್ದವು. ದೋಣಿ ನೆಟ್ಟಗಿದ್ದಾಗ ಅವಕ್ಕೆ ನೀರು ತಾಕುತ್ತಿರಲಿಲ್ಲ. ಹಾಯಿಗೆ ಗಾಳಿ ತುಂಬಿ ದೋಣಿ ಎಡಕ್ಕೆ ವಾಲಿದಾಗ ನಾಲ್ಕೂ ಒಟ್ಟಿಗೆ ನೀರಿನೊಳಗೆ ಇಳಿಯುತ್ತಿದ್ದವು.

ಸತೀಶಕುಮಾರನ ಹೇಳಿಕೆಯನ್ನು ಅದೇ ಸಂಜೆ ಪಡೆಯಲಾಯಿತು. ನಲವತ್ತರ ಆಸುಪಾಸಿನ ವ್ಯಕ್ತಿ. ಎರಡು ದಿನಗಳಿಂದ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

“ಭಾನುವಾರ ಏನಾತು?”

“ಮೊದಲನೇ ಸಲ ಹಾಯಿ ಬಿಚ್ಚಿದ್ವಿ. ಗಾಳಿ ತುಂಬ್ತು, ದೋಣಿ ವಾಲ್ತು. ವಾಲೂದು ಸಹಜ ಅಂತ ಗೋವಾದವರು ಹೇಳಿದ್ರು. ಅರ್ಧ ತಾಸಾದ ಮ್ಯಾಲ ಅದು ನೆಟ್ಟಗಾಗಲೇ ಇಲ್ರಿ. ಒಮ್ಮೆಗೇ ಮಗ್ಗಲಾತು.”

“ಫೈಜಲ ಒಳಗ ಯಾಕಿದ್ದ?”

“ವಾಲಿದಾಗ ಏಸಿ ಸರಿ ನಡೀತೈತೋ ಇಲ್ಲೋ ನೋಡಾಕ. ತಂಪ ಹೋಗಬಾರದಂತ ಬಾಗಲಾ ಹಾಕ್ಕೊಂಡಿದ್ದ. ಕೂಗಿದೆ ರೀ. ಏಸಿ ಸಪ್ಪಳದಾಗ ಅವಂಗ ಕೇಳಲಿಲ್ಲ. ಕೇಳೂದ್ರಾಗ ನೀರು ಹೊರಗಿನಿಂದ ಬಾಗಲಾ ಒತ್ತಿ ಹಿಡದಿತ್ತು. ನಾ ಜಗ್ಗಿದೆ. ಅಂವ ಒಳಗಿನಿಂದ ಬಡದ…”

ವಿಜಯಲಕ್ಷ್ಮೀ ನೀರಿನ ಲೋಟ ಮುಂದೆ ಸರಿಸಿ ಕೇಳಿದರು: “ಮತ್ತ್ಯಾರು ಬರೂವರಿದ್ರು?”

“ನನ್ನ ಮಗಳು. ಆರು ವರ್ಷದಾಕಿ, ಹತ್ತಿ ಕುಂತಿದ್ಲು. ನಮ್ಮ ಅಪ್ಪ ದಂಡಿಗೆ ಬಂದು ಇಳಿಸ್ಕೊಂಡು ಹ್ವಾದ್ರು. ಕೂಸಿಗೆ ಜ್ವರ ಬಂದಾವ ಅಂದ್ರು.”

“ಬಂದಿದ್ದುವು?”

ಸತೀಶಕುಮಾರ ತಲೆಯೆತ್ತಿದ. “ಇಲ್ರಿ.”

ದೋಣಿ ಇಳಿಸಿದ ದಿನ ಅವನು ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದಿದ್ದ. ಎಡ ಪಕ್ಕೆ ಸ್ಪಷ್ಟವಾಗಿ ಕಾಣುವ ಒಂದನ್ನು ವಿಜಯಲಕ್ಷ್ಮೀ ಹಿಗ್ಗಿಸಿ ನೋಡಿದರು. ರಂಧ್ರಗಳಿರಬೇಕಾದ ಜಾಗ ಬೆಳ್ಳಗೆ ಮುಚ್ಚಿತ್ತು. ಆದರೆ ಅಲ್ಲಿಂದ ಮೇಲಂಚಿನವರೆಗೆ ದಾರದಂಥ ಕಪ್ಪು ಗೆರೆ. ಇನ್ನೂ ಹಿಗ್ಗಿಸಿದಾಗ ಗೆರೆ ಒಡೆದು ಚುಕ್ಕೆಗಳಾಯಿತು.

ಮರುದಿನ ಬೆಳಿಗ್ಗೆ ವಿಜಯಲಕ್ಷ್ಮೀ ಮತ್ತು ಮುತ್ತು ತಿಕೋಟಾದ ಶೆಡ್ಡಿಗೆ ಹೋದರು. ಒಣಗಿದ ದ್ರಾಕ್ಷಿಯ ಸಿಹಿ ವಾಸನೆ ಬಾಗಿಲಿಗೇ ಬರುತ್ತಿತ್ತು. ಕಾವಲುಗಾರ ಧೂಳಪ್ಪ ಎದ್ದು ನಿಂತ.

“ದೋಣಿ ಇಲ್ಲಿದ್ದಾಗ ಅದಕ್ಕ ಇರುವಿ ಹತ್ತಿದ್ದುವೇನು?”

“ಹತ್ತಿದ್ದುವ್ರಿ. ಮನಷ್ಯಾರಗಿಂತ ಮೊದಲ ಇವು ಸೀಟ ಹಿಡದಾವ ಅಂತ ನಾನ ನಕ್ಕಿದ್ದೆ.”

“ಯಾಕಂತ ಕೇಳಲಿಲ್ಲ?”

“ದ್ರಾಕ್ಷಿ ಶೆಡ್ಡಿನ್ಯಾಗ ಇರುವಿ ಇರೂದಕ್ಕ ಯಾಕಂತ ಯಾರ ಕೇಳ್ತಾರ್ರಿ ಅಕ್ಕಾರ?”

“ದ್ರಾಕ್ಷಿ ಬಿಟ್ಟು ಫೈಬರಿಗೆ ಯಾಕ ಹೋಗ್ತಾವ?”

ಧೂಳಪ್ಪ ತಲೆ ಕೆರೆದುಕೊಂಡ. ಇಷ್ಟು ದಿನ ಅವನಿಗೆ ಆ ಪ್ರಶ್ನೆ ಬಂದಿರಲಿಲ್ಲ.

“ಮೆಕ್ಯಾನಿಕರು ಇಲ್ಲದಾಗ ದೋಣಿ ಹತ್ತಿರ ಯಾರ ಬರ್ತಿದ್ರು?”

“ಹೊರಗಿನವರನ್ನ ನಾ ಬಿಡಂಗಿಲ್ರಿ. ಮನಿಯವರು ಬರ್ತಿದ್ರು. ಸಾಹುಕಾರ್ರು, ಹಿರೇ ಗೌಡ್ರು.”

ಹಿರೇ ಗೌಡರೆಂದರೆ ಸತೀಶಕುಮಾರನ ತಂದೆ ಬಸಗೊಂಡಪ್ಪ.

ಠಾಣೆಗೆ ಮರಳಿ ವಿಜಯಲಕ್ಷ್ಮೀ ಒಂದು ಪರೀಕ್ಷೆ ಮಾಡಿಸಿದರು. ಅದೇ ಅಗಲದ ರಂಧ್ರವಿದ್ದ ಪೈಪಿನ ತುಂಡಿಗೆ ಬೆಲ್ಲ ಜಡಿದು, ಮೇಲೆ ಸುಣ್ಣ ಸವರಿ ಒಣಗಿಸಿದರು. ಮರುದಿನ ನೋಡಿದಾಗ ಅದು ಬೆಳ್ಳಗೆ ಗಟ್ಟಿಯಾಗಿತ್ತು; ಬಿಳಿ ಫೈಬರಿನ ಮೇಲೆ ಇದ್ದಿದ್ದರೆ ಗುರುತೇ ಹತ್ತುತ್ತಿರಲಿಲ್ಲ. ಬಕೆಟ್ಟಿನ ನೀರಲ್ಲಿ ಮುಳುಗಿಸಿ ಕೈಯಾಡಿಸಿದಾಗ ಹತ್ತು ನಿಮಿಷದೊಳಗೆ ರಂಧ್ರ ತೆರೆದುಕೊಂಡಿತು.

“ಚಹಾಕ್ಕ ಇಟ್ಟಿದ್ದ ಬೆಲ್ಲ ರೀ ಅದು,” ಎಂದ ಮುತ್ತು. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಮೇ ೨೨ರ ಗುರುವಾರ ಅವರು ತಿಕೋಟಾದ ತೋಟದ ಮನೆಗೆ ಹೋದಾಗ ಬಸಗೊಂಡಪ್ಪ ದ್ರಾಕ್ಷಿ ಪಡದಲ್ಲಿ, ಬಳ್ಳಿಗಳ ನಡುವೆ ಇದ್ದ. ಅವನ ಹೆಂಡತಿ ರುದ್ರವ್ವ ಮಜ್ಜಿಗೆ ತಂದುಕೊಟ್ಟಳು. ನಡುಮನೆಯ ಗೋಡೆಯಲ್ಲಿ ಏಳೆಂಟು ವರ್ಷದ ಹುಡುಗನ ಚಿತ್ರವಿತ್ತು. ಮಾಲೆ ಹೊಸದು.

“ಮೊಮ್ಮಗ ರೀ, ಅಪ್ಪು. ಮೂರ ವರ್ಷಾತು, ನಮ್ಮ ತೋಟದ ಹೊಂಡದಾಗ ಬಿದ್ದ. ಹೊಂಡ ತೋಡಿಸಿದವರು ಇವರ. ಅವತ್ತಿನಿಂದ ನೀರು ಕಂಡ್ರ ಮಾತ ಬಿಡ್ತಾರ.”

“ಯಜಮಾನರ ಆರೋಗ್ಯ ಹೆಂಗೈತಿ?”

“ಈಗ ಬರೋಬರಿ ಅದಾರ್ರಿ. ಹೋದ ತಿಂಗಳ ಕೊನೀಗೆ ಮೊಣಕೈತನಾ ತುರಿಕಿ ಎದ್ದು ಮಲಗಲಿಲ್ಲ. ಬಳ್ಳಿಗೆ ಔಷಧ ಹೊಡದಿದ್ದು ಮೈಗಾತು ಅಂದ್ರು. ಯಾವಾಗ ಹೊಡದ್ರೋ, ನಾನಂತೂ ನೋಡಲಿಲ್ಲ.”

ವಿಜಯಲಕ್ಷ್ಮೀ ಮಜ್ಜಿಗೆಯ ಲೋಟ ಕೆಳಗಿಟ್ಟು, ಹೊಂಡ ತೋರಿಸುವಂತೆ ಕೇಳಿದರು.

ಹೊಂಡ ಮನೆಯ ಹಿಂದೆಯೇ ಇತ್ತು. ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ನೀರು ಒಂದು ಹನಿ ಇರಲಿಲ್ಲ. ವಿಜಯಲಕ್ಷ್ಮೀ ಇಳಿಜಾರಿನಲ್ಲಿ ಎಚ್ಚರಿಕೆಯಿಂದ ತಳಕ್ಕೆ ಇಳಿದು ಬಗ್ಗಿ ನೋಡಿದರು. ಹಾಳೆಯಲ್ಲಿ ರಂಧ್ರಗಳಿದ್ದವು. ಬೆರಳು ತೂರುವಷ್ಟು ಅಗಲ, ಒಂದೇ ಸಾಲು, ಒಂದೊಂದಕ್ಕೂ ಗೇಣಿನ ಅಂತರ. ಬಳ್ಳಿಗೆ ನೀರುಣಿಸುವ ಡ್ರಿಪ್ ಪೈಪಿಗೆ ಜೀವಮಾನವಿಡೀ ರಂಧ್ರ ಕೊರೆದ ಬಸಗೊಂಡಪ್ಪನ ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ.

ಪಡದ ಮೂಲೆಯ ಕೋಣೆಯಲ್ಲಿ ಡ್ರಿಲ್ ಯಂತ್ರ ಸಿಕ್ಕಿತು. ಅದರ ಕೊರೆಯುವ ಮೊನೆಯ ಸುರುಳಿಯಲ್ಲಿ ಬಿಳಿ ಪುಡಿಯೂ ಗಾಜಿನಂತೆ ಹೊಳೆಯುವ ಎಳೆಗಳೂ ಸಿಕ್ಕಿಕೊಂಡಿದ್ದವು. ಪಂಚರ ಮುಂದೆ ಅದನ್ನು ಜಪ್ತಿ ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ಮೊಹರು ಮಾಡಲಾಯಿತು. ಅಷ್ಟರಲ್ಲಿ ಬಸಗೊಂಡಪ್ಪ ಬಳ್ಳಿಗಳ ಸಾಲಿನಿಂದ ಹೊರಬಂದು, ಮುತ್ತುವಿನ ಕೈಯಲ್ಲಿದ್ದ ಯಂತ್ರವನ್ನು ನೋಡಿ ಹೆಗಲ ಮೇಲಿನ ಟವೆಲ್ ತೆಗೆದ.

“ನಾನ ಹಾಕಿದ್ದವ್ವಾ,” ಎಂದ.

“ಯಾವಾಗ?”

“ಮೆಕ್ಯಾನಿಕರು ಕೆಲಸ ಮುಗಿಸಿ ಹ್ವಾದ ಮರುದಿನ. ಕೈಗೆ ಸಿಕ್ಕಲ್ಲಿ ಹಾಕಿ, ಬೆಲ್ಲ ಜಡದು ಸುಣ್ಣ ಸವರಿದೆ. ನೀರಿಗೆ ಇಳಿಸಿದ ದಿನಾನ ಖಾಲಿ ದೋಣಿ ಮುಳುಗಲಿ, ಇದರ ಕಾಟಾನ ಬ್ಯಾಡ ಅಂತ. ಮುಳುಗಲಿಲ್ಲ. ಗಾಡಿ ಮ್ಯಾಲ ನಿಂತಾಗ ನೀರು ಎಲ್ಲಿಮಟ ಬರ್ತದಂತ ಯಾರಿಗೆ ತಿಳೀತದ? ತೂತು ನೀರಿಗೆ ಹತ್ತಲೇ ಇಲ್ಲ.”

“ಆಮ್ಯಾಲ ಮಗನಿಗೆ ಹೇಳಬಹುದಿತ್ತು.”

“ಏನಂತ ಹೇಳಲಿ? ಒಮ್ಮೆ ಹೊಂಡ ತೋಡಿಸಿ ಅವನ ಮಗನ್ನ ಕಳದೇನಿ. ಈಗ ದೋಣಿಗೂ ತೂತ ಹಾಕೇನಿ ಅಂತ ಹೇಳಲೇನು? ಇನ್ನ ಏನೂ ಆಗಂಗಿಲ್ಲ ಅಂತ ಸುಮ್ಮನಾದೆ.”

“ಆಗಂಗಿಲ್ಲ ಅಂದವರು ಮೊಮ್ಮಗಳನ್ನ ಯಾಕ ಇಳಿಸಿದ್ರಿ?”

ಬಸಗೊಂಡಪ್ಪ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತ.

“ಮಗ ಇದ್ದನಲ್ಲ ಅದರಾಗ?”

“ಅವಂಗ ಈಸ ಬರ್ತೈತಿ.”

“ಫೈಜಲಗ?”

“ಒಳಗ ಒಬ್ಬಾಂವ ಅದಾನಂತ ನನಗ ಗೊತ್ತಿರಲಿಲ್ಲವ್ವಾ. ಬಾಗಲಾ ಹಾಕಿತ್ತು.”

ಮಧ್ಯಾಹ್ನ ಹನ್ನೆರಡೂವರೆಗೆ ಬಸಗೊಂಡಪ್ಪನನ್ನು ಬಂಧಿಸಲಾಯಿತು. ಸಾವು ಸಂಭವಿಸಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯವೆಂದು ಕಲಂ ೧೦೫ನ್ನು ಅಳವಡಿಸುವಂತೆ ನ್ಯಾಯಾಲಯಕ್ಕೆ ವರದಿ ಹೋಯಿತು. ವರದಿಯಲ್ಲಿ ಕಾರಣದ ಕುರಿತು ವಿಜಯಲಕ್ಷ್ಮೀ ಹೆಚ್ಚು ಬರೆಯಲಿಲ್ಲ. ಮೊಮ್ಮಗನನ್ನು ನುಂಗಿದ ಹೊಂಡವನ್ನು ಆರೋಪಿಯು ತೂತು ಕೊರೆದು ಬರಿದುಮಾಡಿದ್ದನೆಂದೂ, ಮೊಮ್ಮಗಳು ಹತ್ತಬೇಕಿದ್ದ ದೋಣಿಗೂ ಅದೇ ಉಪಾಯ ಮಾಡಿದನೆಂದೂ ಎರಡು ಸಾಲು ಬರೆದರು. ಮೊದಲ ಸಲ ನೀರು ಹೊರಗೆ ಹೋಗಿತ್ತು.

ಸಂಜೆ ಅವರು ಮುತ್ತುವಿನೊಡನೆ ಜೋರಾಪುರ ಪೇಟೆಗೆ ಹೋದರು. ಶಹಜಾದಿ ಬಾಗಿಲು ಅರೆ ಮುಚ್ಚಿಕೊಂಡು ಒಬ್ಬರೇ ಕುಳಿತಿದ್ದರು. ವಿಜಯಲಕ್ಷ್ಮೀ ನಡೆದದ್ದನ್ನೆಲ್ಲ ಹೇಳಿದರು. ಅಪ್ಪುವಿನ ವಿಷಯವನ್ನೂ ಮುಚ್ಚಿಡಲಿಲ್ಲ.

“ತನ್ನ ಕೂಸಿನ ಕೈ ಹಿಡದು ಇಳಿಸಿದಾಗ,” ಎಂದರು ಶಹಜಾದಿ, “ಒಮ್ಮೆ ಆ ಬಾಗಲಾ ಬಡದಿದ್ರ ಆಗ್ತಿತ್ತಲ್ರಿ.”

ವಿಜಯಲಕ್ಷ್ಮೀ ಹತ್ತಿರ ಸರಿದು ಕುಳಿತರು.

“ನನ್ನ ಮಗನ ತೂತಿನ ಬಗ್ಗೆ ಏನ್ ಬರದೀರಿ?”

ಮುತ್ತು ಪಂಚನಾಮೆಯ ಪ್ರತಿ ತೆಗೆದು ಓದಿದ: “ದೋಣಿಯ ಹಿಂಬದಿಯಲ್ಲಿ ಏಸಿಗಾಗಿ ಕೊರೆದ ಒಂದು ರಂಧ್ರವು ಸುಸ್ಥಿತಿಯಲ್ಲಿದ್ದು, ಅದರ ಮೂಲಕ ನೀರು ಒಳಸೇರಿದ ಯಾವುದೇ ಕುರುಹು ಕಂಡುಬಂದಿಲ್ಲ.”

ಶಹಜಾದಿ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದರು. ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದವರು ಮಾತು ನಿಲ್ಲಿಸಿ ಇತ್ತ ನೋಡಿದರು.

“ಇನ್ನೊಮ್ಮೆ ಓದ್ರಿ,” ಎಂದರು ಶಹಜಾದಿ. “ಜೋರಾಗಿ ಓದ್ರಿ.”

ಮುತ್ತು ಹೊಸ್ತಿಲಿಗೆ ಬಂದು ನಿಂತು ಟೋಪಿ ಸರಿಪಡಿಸಿಕೊಂಡು ಮೊದಲಿನಿಂದ ಓದಿದ.