ಮಾಳವ್ವ ತಂದ ಹತ್ತಿಯ ಅಂಗಿ

ಬಹುಕಾಲದ ಹಿಂದೆ, ಸೂರ್ಯ ಇನ್ನೂ ಹರೆಯದಲ್ಲಿದ್ದಾಗ, ಕೆಂಬಂಡೆ ಎಂಬ ರಾಜ್ಯವಿತ್ತು. ಅಲ್ಲಿನ ಬೇಸಿಗೆಯಲ್ಲಿ ಕಾಗೆಗಳು ನೆರಳು ಬಿಟ್ಟು ಹಾರುತ್ತಿರಲಿಲ್ಲ. ಕೋಟೆಯ ಕಲ್ಲಿನ ಮೇಲೆ ಹಪ್ಪಳ ಇಟ್ಟರೆ ತಾನಾಗಿ ಸುಟ್ಟುಕೊಳ್ಳುತ್ತಿತ್ತು. ಅಂಥ ಊರಿನಲ್ಲಿ ಜನ ತೊಡುತ್ತಿದ್ದುದೇನು? ಬಡವರು ಕಂಬಳಿ ಹೊದೆಯುತ್ತಿದ್ದರು. ಕಾವಲಿನವರಿಗೆ ಕುತ್ತಿಗೆಯವರೆಗೆ ಹಿತ್ತಾಳೆಯ ಗುಂಡಿ ಹಾಕಿದ ಉಣ್ಣೆಯ ಅಂಗಿ. ಸಾಹುಕಾರರಿಗೆ ಮಖಮಲ್ಲು. ರಾಜ ಮಾರಭೂಪ ಒಂದರ ಮೇಲೊಂದು ಏಳು ಜರಿಯ ನಿಲುವಂಗಿ ತೊಟ್ಟು ಸಿಂಹಾಸನದ ಮೇಲೆ ಬೇಯುತ್ತಿದ್ದ.

ಇದು ಯಾರ ಆಸೆಯೂ ಅಲ್ಲ, ಕಾನೂನು. ಬರೆದವನು ರಾಜಗುರು ಗರಳಾಂಗ. ಆಳು ತಾಳೆಮರದಷ್ಟು ಎತ್ತರ, ದನಿ ಜೇನಿನಷ್ಟು ಸಿಹಿ. ಮನುಷ್ಯ ಎಷ್ಟು ದೊಡ್ಡವನೋ ಅವನ ಬಟ್ಟೆ ಅಷ್ಟು ಭಾರವಿರಬೇಕು, ತೆಳು ಬಟ್ಟೆ ತೊಟ್ಟವನು ರಾಜದ್ರೋಹಿ ಎಂದು ಅವನು ಬರೆದಿಟ್ಟಿದ್ದ. ಹಳೆಯ ಬಟ್ಟೆಯನ್ನು ಯಾರೂ ಬಿಸಾಡಬಾರದು, ಇನ್ನೊಬ್ಬರಿಗೆ ಕೊಡಲೂಬಾರದು ಎಂದೂ ಬರೆದಿದ್ದ. ಹಾಗಾಗಿ ಮನೆಮನೆಯಲ್ಲೂ ಬಟ್ಟೆಯ ಗುಡ್ಡೆ. ಮುತ್ತಜ್ಜಿಯ ಮುತ್ತಜ್ಜಿಯ ಕಾಲದ ಹತ್ತಿ ಸೀರೆ ಗುಡ್ಡೆಯ ಅಡಿಯಲ್ಲೆಲ್ಲೋ ಕೊಳೆಯುತ್ತಿತ್ತು, ಕೈಗೆ ಸಿಗುತ್ತಿದ್ದುದು ಮೇಲಿನ ಕಂಬಳಿ.

ಇದರಿಂದ ಗರಳಾಂಗನಿಗೇನು ಲಾಭ? ಅವನು ಬೆವರು ಕುಡಿಯುವವನು. ಮಧ್ಯಾಹ್ನ ಊರಿಗೆ ಊರೇ ಬೆವರಿದಾಗ ಆ ಬೆವರು ಆವಿಯಾಗಿ ಎದ್ದು ಅವನ ಗೋಪುರ ಸೇರಿ ತಾಮ್ರದ ಹಂಡೆಯೊಳಗೆ ತೊಟ್ಟಿಕ್ಕುತ್ತಿತ್ತು. ಅದನ್ನು ಕುಡಿದು ಅವನು ನಾನೂರು ವರ್ಷ ಬದುಕಿದ್ದ. ಜನ ಮೂವತ್ತಕ್ಕೆಲ್ಲ ಒಣಗಿಹೋಗುತ್ತಿದ್ದರು. ಅವರಿಗೆ ಇದು ಗೊತ್ತಿರಲಿಲ್ಲ. ಬೇಯುತ್ತಿರುವವನಿಗೆ ಒಲೆ ಹಚ್ಚಿದವರು ಯಾರು ಎಂದು ಯೋಚಿಸಲು ಪುರುಸೊತ್ತೆಲ್ಲಿ?

ಅದೇ ಊರಿನ ಕೋಟೆ ಬಾಗಿಲಲ್ಲಿ ಮಾಳವ್ವ ಎಂಬ ಹುಡುಗಿ ಮಜ್ಜಿಗೆ ಮಾರುತ್ತಿದ್ದಳು. ಅವಳ ಅಣ್ಣ ದ್ಯಾಮಣ್ಣ ಅದೇ ಬಾಗಿಲಿನ ಕಾವಲಿನವನು. ತಾಯಿತಂದೆ ಇಲ್ಲದ ಅವರಿಗೆ ಒಬ್ಬರಿಗೊಬ್ಬರೇ ದಿಕ್ಕು. ಒಂದು ಮಧ್ಯಾಹ್ನ ದ್ಯಾಮಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಅಂಗಿಯ ಎರಡು ಗುಂಡಿ ಬಿಚ್ಚಿ ಉಸಿರು ಎಳೆದುಕೊಂಡ. ಅಷ್ಟೇ ಅವನ ಅಪರಾಧ.

ಮರುದಿನ ಬೆಳಿಗ್ಗೆ ಅವನಿಗೆ ಕರಡಿಯಂಗಿ ತೊಡಿಸಿ ಕೋಟೆಯ ಮೇಲೆ ನಿಲ್ಲಿಸಿದರು. ಅದು ಜೀವವಿರುವ ಅಂಗಿ. ತೊಟ್ಟವನನ್ನು ಅಪ್ಪಿ ಹಿಡಿಯುತ್ತದೆ, ಬೆವರಿದಷ್ಟೂ ಬಿಗಿಯುತ್ತದೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಉಸಿರು ನಿಲ್ಲಿಸುತ್ತದೆ.

ಮಾಳವ್ವ ಅಳಲಿಲ್ಲ. ಮಜ್ಜಿಗೆಯ ಗಡಿಗೆಯನ್ನು ಬಾಗಿಲಲ್ಲೇ ಇಟ್ಟು ನೇರ ರಾಜನ ಮುಂದೆ ಹೋಗಿ ನಿಂತಳು.

"ಯಾರದು?" ಎಂದ ರಾಜ. ಪೇಟ ಕಣ್ಣಿನ ಮೇಲೆ ಜಾರಿ ಅವನಿಗೇನೂ ಕಾಣುತ್ತಿರಲಿಲ್ಲ.

"ದ್ಯಾಮಣ್ಣನ ತಂಗಿ. ಎರಡು ಗುಂಡಿಗೆ ಒಂದು ಪ್ರಾಣ ತೆಗೀತೀರಲ್ಲ ಒಡೆಯಾ, ಇದು ಯಾವ ಲೆಕ್ಕ?"

"ಕಾನೂನು, ತಾಯಿ. ನಾನೇನು ಮಾಡಲಿ? ನನ್ನದೇ ಬೆನ್ನು ನವೆಯಾದರೆ ಕೆರೆದುಕೊಳ್ಳಲು ಕೈ ಹೋಗುವುದಿಲ್ಲ."

ರಾಜ ಕೆಟ್ಟವನಲ್ಲ, ಪುಕ್ಕಲ. ಪುಕ್ಕಲನ ಕೈಕೆಳಗೂ ಜನ ಸಾಯುತ್ತಾರೆ. ಪಕ್ಕದಲ್ಲಿ ಮಖಮಲ್ಲಿನ ನಿಲುವಂಗಿ ತೊಟ್ಟು ನಿಂತಿದ್ದ ಗರಳಾಂಗ ನಕ್ಕ. "ಮಗು, ಅರಮನೆಯ ಉಡುಪಿನ ಮನೆಗೆ ಹೋಗು. ಈ ಬಿಸಿಲಿಗೆ ತೊಡುವಂಥ ಒಂದೇ ಒಂದು ಬಟ್ಟೆಯನ್ನು ಸೂರ್ಯ ನೆತ್ತಿಗೆ ಬರುವುದರೊಳಗೆ ತಂದರೆ ನಿನ್ನಣ್ಣನನ್ನು ಬಿಡುತ್ತೇನೆ." ಉಡುಪಿನ ಮನೆಯೊಳಗೆ ಹೋದವರು ಯಾರೂ ಹೊರಗೆ ಬಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹೋದಳು.

ಮೊದಲ ಕೋಣೆಯಲ್ಲಿ ಸೂರು ಮುಟ್ಟುವ ಬಟ್ಟೆಯ ಗುಡ್ಡ. ಅದರ ಬುಡದಲ್ಲಿ ಜನ ಕುಳಿತಿದ್ದರು, ಒಬ್ಬೊಬ್ಬರೂ ಒಂದೊಂದು ಬಟ್ಟೆಯನ್ನು ತಬ್ಬಿಕೊಂಡು. ಆ ಕೋಣೆಯ ಮಂತ್ರ ಅವರನ್ನು ಸಾಯಲೂ ಬಿಟ್ಟಿರಲಿಲ್ಲ. ಒಬ್ಬ ಮುದುಕ, ಹಿಂದೆ ಮಂತ್ರಿಯಾಗಿದ್ದವನು, ಕೆಂಪು ಶಾಲನ್ನು ಮಗುವಿನಂತೆ ತಟ್ಟುತ್ತಿದ್ದ.

"ಇದೇನು ಬುದ್ಧಿ?"

"ಮಗಳ ಮದುವೆಗೆ ಬೇಕಾಗುತ್ತದಮ್ಮ."

"ಮಗಳಿಗೆ ವಯಸ್ಸೆಷ್ಟು?"

ಮುದುಕ ಯೋಚಿಸಿದ. "ಅವಳಿಗೆ ಮೊಮ್ಮಕ್ಕಳಿರಬೇಕು."

ಮಾಳವ್ವನ ಕೈಗೂ ಒಂದು ಬಟ್ಟೆ ಹತ್ತಿತು, ನವಿಲುಬಣ್ಣದ ಉಣ್ಣೆ ಶಾಲು. ಅವಳು ಇಂಥದ್ದನ್ನು ಜನ್ಮದಲ್ಲಿ ಮುಟ್ಟಿರಲಿಲ್ಲ. ಶಾಲು ಪಿಸುಗುಟ್ಟಿತು: "ಬಿಡಬೇಡ ನನ್ನ. ಎಂದಾದರೂ ಬೇಕಾದೇನು. ಎಂದಾದರೂ." ಅವಳ ಬೆರಳು ತಾವಾಗಿ ಬಿಗಿದವು. ಇನ್ನೇನು ಕುಳಿತೇಬಿಡುತ್ತಿದ್ದಳು. ಆಗ ಅಣ್ಣನ ನೆನಪಾಗಿ ಒಂದೇ ಮಾತು ಕೇಳಿದಳು: "ಎಂದಾದರೂ ಇರಲಿ. ಇವತ್ತು ಈ ಬಿಸಿಲಿಗೆ ನಿನ್ನ ತೊಡಬಹುದಾ?"

ಶಾಲು ಮುದುಡಿತು. ಹಿಡಿತ ಸಡಿಲಾಯಿತು.

"ಹಾಗಾದರೆ ಚಳಿಗಾಲದವರೆಗೆ ಮಲಗು," ಎಂದು ಅದನ್ನು ಮಡಚಿ ಒಂದು ಪಕ್ಕಕ್ಕಿಟ್ಟಳು. ಅದೇ ಮಾತನ್ನು ಒಂದೊಂದು ಬಟ್ಟೆಗೂ ಕೇಳಿದಳು. ಕುಳಿತಿದ್ದವರನ್ನೂ ಎಬ್ಬಿಸಿದಳು. "ಏಳಿ ಬುದ್ಧಿ, ಸಾಕು ಬಾಣಂತನ. ಕೈ ಹಾಕಿ." ಚಳಿಯದು ಒಂದು ಕಡೆ, ಹರಿದದ್ದು ಒಂದು ಕಡೆ, ಬೇರೆಯವರಿಗೆ ಆಗುವಂಥದ್ದು ಬಾಗಿಲ ಹತ್ತಿರ. ಗುಡ್ಡ ಕರಗಿತು. ಅದರಲ್ಲಿ ಬಿಸಿಲಿಗಾಗುವ ಬಟ್ಟೆ ಒಂದೂ ಇರಲಿಲ್ಲ. ಆದರೆ ಅದರ ಹಿಂದೆ ಒಂದು ಬಾಗಿಲಿತ್ತು.

ಎರಡನೆಯ ಕೋಣೆ ಗವ್ವೆಂದಿತ್ತು. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಅಲ್ಲಿ ಎಮ್ಮೆಯ ಗಾತ್ರದ ನುಸಿಯೊಂದು ಮಲಗಿ ಬಟ್ಟೆ ತಿನ್ನುತ್ತಿತ್ತು.

"ಗಾಳಿ ಕಾಣದ ಬಟ್ಟೆಯೆಲ್ಲ ನನ್ನದು," ಎಂದಿತು ನುಸಿ. "ಬಟ್ಟೆಯೊಳಗಿರುವವರೂ ನನ್ನವರೇ. ಹತ್ತಿರ ಬಾ."

"ಬರ್ತೀನಿ, ಅದಕ್ಕೇನು ಅವಸರ?" ಎಂದಳು ಮಾಳವ್ವ. "ಮೊದಲು ಇದನ್ನು ರುಚಿ ನೋಡು. ನಿಮ್ಮ ಗುರು ಹೊದೆಸಿದ್ದು." ತನ್ನ ಹೆಗಲಿನ ಕಂಬಳಿಯನ್ನು ಅದರ ಬಾಯಿಗೆ ಎಸೆದಳು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವಳ ಬೆನ್ನಿಗೆ ಗಾಳಿ ತಾಗಿತು. ನುಸಿ ಕಂಬಳಿ ಅಗಿಯುವಷ್ಟರಲ್ಲಿ ಅವಳು ಕಿಟಕಿಗೆ ಹಾರಿ ಎರಡೂ ಕೈಯಿಂದ ಹಲಗೆ ಕಿತ್ತಳು. ಬಿಸಿಲು ಒಳಗೆ ಬಿತ್ತು. ನುಸಿ ಎಮ್ಮೆಯಿಂದ ಕರುವಾಯಿತು, ಕರುವಿನಿಂದ ಬೆಕ್ಕಾಯಿತು, ಕೊನೆಗೆ ನುಸಿಯಷ್ಟೇ ಆಗಿ ಗಾಳಿಗೆ ಹಾರಿಹೋಯಿತು. ಅದು ಮಲಗಿದ್ದ ಜಾಗದ ಹಿಂದೆ ಮೂರನೆಯ ಬಾಗಿಲು.

ಮೂರನೆಯ ಕೋಣೆ ಚಿಕ್ಕದು. ಅಲ್ಲಿ ಗುಡ್ಡವಿಲ್ಲ, ಕತ್ತಲೆಯಿಲ್ಲ, ಕಾವಲಿಲ್ಲ. ಸುಣ್ಣ ಬಳಿದ ಗೋಡೆ, ತೆರೆದ ಕಿಟಕಿಗೆ ನೀರು ಚಿಮುಕಿಸಿದ ಲಾವಂಚದ ಪರದೆ, ಗೂಟಗಳ ಮೇಲೆ ಸಾಲಾಗಿ ಐದು ಅಂಗಿ. ಬಿಳಿಯ ತೆಳು ಹತ್ತಿ, ಸಡಿಲ ತೋಳು, ಒಗೆದು ನೆರಳಲ್ಲಿ ಒಣಗಿಸಿದ್ದು. ಇದು ಮೂರನೆಯ ಪರೀಕ್ಷೆ, ಎಲ್ಲಕ್ಕಿಂತ ಕಠಿಣವಾದದ್ದು. ಅಂಥ ತಂಪಿಗೆ ಕಾಲಿಟ್ಟವರಿಗೆ ಮಂತ್ರದ ನಿದ್ದೆ ಬರುತ್ತಿತ್ತು, ಮಲಗಿದವರು ಏಳುತ್ತಿರಲಿಲ್ಲ.

ಮಾಳವ್ವನ ರೆಪ್ಪೆ ಮುಚ್ಚಿತು. ಗೋಡೆಗೆ ಒರಗಿ ಜಾರತೊಡಗಿದಳು. ಜಾರುವಾಗ ಅಂಗಿಯೊಂದರ ಅಂಚು ಕೆನ್ನೆಗೆ ತಾಗಿತು. ಇದೇನು ಇಷ್ಟು ಉದ್ದ? ಗೂಟದಿಂದ ನೆಲದವರೆಗೂ ಇಳಿದಿದೆ. ಈ ಊರಿನಲ್ಲಿ ಇಷ್ಟು ಎತ್ತರದ ಆಳು ಯಾರು?

ಒಬ್ಬನೇ.

ಅವಳಿಗೆ ಎಲ್ಲವೂ ಹೊಳೆಯಿತು. ಊರಿಗೆಲ್ಲ ಕಂಬಳಿ ಹೊದೆಸಿದವನು ನಿಲುವಂಗಿಯ ಒಳಗೆ ಹತ್ತಿ ತೊಡುತ್ತಾನೆ. ಊರಿಗೆಲ್ಲ ಗುಡ್ಡೆ ಹಾಕಿಸಿದವನು ಐದೇ ಅಂಗಿ ಇಟ್ಟುಕೊಂಡಿದ್ದಾನೆ, ಒಪ್ಪವಾಗಿ, ಗಾಳಿಗೆ. ಏನು ಒಳ್ಳೆಯದೆಂದು ಅವನಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೇ ಬಚ್ಚಿಟ್ಟಿದ್ದಾನೆ. ಮಾಳವ್ವನಿಗೆ ಸಿಟ್ಟು ಬಂತು, ಹೊಟ್ಟೆಯಿಂದ ನೆತ್ತಿಯವರೆಗೆ. ಅಂಥ ಸಿಟ್ಟಿರುವ ಕಣ್ಣಿಗೆ ಯಾವ ಮಂತ್ರದ ನಿದ್ದೆ ಹತ್ತುತ್ತದೆ? ಐದೂ ಅಂಗಿಯನ್ನು ಎಳೆದುಕೊಂಡು ಓಡಿದಳು, ಮೊದಲ ಕೋಣೆಯ ಜನರೂ ಅವಳ ಹಿಂದೆಯೇ ಹೊರಬಂದರು.

ಕೋಟೆಯ ಮೇಲೆ ಜನ ನೆರೆದಿದ್ದರು. ಸೂರ್ಯ ನೆತ್ತಿಗೆ ಒಂದು ಗೇಣು ದೂರ. ದ್ಯಾಮಣ್ಣನ ಮುಖ ನೇರಳೆ ಹಣ್ಣಾಗಿತ್ತು, ಕರಡಿಯಂಗಿ ಗುರುಗುಟ್ಟುತ್ತ ಬಿಗಿಯುತ್ತಿತ್ತು. ತಂಗಿಯನ್ನು ಕಂಡು ಅವನು ತುಟಿ ಅಲ್ಲಾಡಿಸಿದ, ದನಿ ಬರಲಿಲ್ಲ.

"ಇಗೋ ಬಿಸಿಲಿಗೆ ತೊಡುವ ಬಟ್ಟೆ," ಎಂದು ಮಾಳವ್ವ ಅಂಗಿಯನ್ನು ಎತ್ತಿ ಹಿಡಿದಳು.

ಗರಳಾಂಗನ ಜೇನಿನ ದನಿ ಒಡೆಯಿತು. "ನನ್ನ ಅಂಗಿ ಮುಟ್ಟಲು ನಿನಗೆಷ್ಟು ಧೈರ್ಯ?"

ಜನ ತಿರುಗಿದರು. ರಾಜ ಪೇಟವನ್ನು ಮೇಲೆ ತಳ್ಳಿ ನೋಡಿದ. "ಗುರುಗಳೇ, ನಿಮ್ಮದಾ ಇದು?"

"ಅದು ಪೂಜೆಯ ಬಟ್ಟೆ, ಪ್ರಭು."

"ಪೂಜೆಯೋ, ಸುಖವೋ?" ಎಂದಳು ಮಾಳವ್ವ. "ಆ ಮಖಮಲ್ಲನ್ನು ಸ್ವಲ್ಪ ಎತ್ತಿ ತೋರಿಸಲಿ, ಒಳಗೆ ಏನಿದೆ ಅಂತ."

ಗರಳಾಂಗ ಎರಡೂ ಕೈಯಿಂದ ನಿಲುವಂಗಿಯನ್ನು ಬಿಗಿಹಿಡಿದ. ಅದೊಂದೇ ಸಾಕಾಯಿತು, ಎಲ್ಲರಿಗೂ ಉತ್ತರ ಸಿಕ್ಕಿತು. "ಹುಡುಗಿ ಕಳ್ಳಿ," ಎಂದ ಅವನು. "ಮಾತು ಮುಗಿಯಿತು. ಅವನನ್ನು ಬಿಡುವುದಿಲ್ಲ."

ಮಾಳವ್ವ ಅವನ ಕಡೆ ನೋಡಲೇ ಇಲ್ಲ. "ಒಡೆಯಾ, ದೊಡ್ಡವರಿಗೆ ಭಾರದ ಬಟ್ಟೆ ಅನ್ನುವುದು ಕಾನೂನು ತಾನೇ? ಈ ರಾಜ್ಯದಲ್ಲಿ ಎಲ್ಲಕ್ಕಿಂತ ಭಾರದ ಬಟ್ಟೆ ಕರಡಿಯಂಗಿ. ಅದನ್ನು ಕಾವಲಿನ ಆಳಿಗೆ ತೊಡಿಸಿದ್ದೀರಿ. ಎಲ್ಲರಿಗಿಂತ ದೊಡ್ಡವರು ಯಾರು?"

ಬದುಕಿನಲ್ಲಿ ಒಮ್ಮೆ ರಾಜ ಹೆದರಿಕೊಂಡೇ ಸರಿಯಾದ ಮಾತಾಡಿದ.

"ಗುರುಗಳು," ಎಂದ. "ಕರಡಿಯಂಗಿಯ ಮರ್ಯಾದೆ ಗುರುಗಳಿಗೆ."

ಕರಡಿಯಂಗಿಗೆ ಕಿವಿಯಿತ್ತು. ದ್ಯಾಮಣ್ಣನನ್ನು ಬಿಟ್ಟು ಅದು ಒಂದೇ ನೆಗೆತಕ್ಕೆ ಗರಳಾಂಗನನ್ನು ಅಪ್ಪಿತು. ಅವನ ಹಣೆಯ ಮೇಲೆ ನಾನೂರು ವರ್ಷದಲ್ಲಿ ಮೊದಲ ಬೆವರಹನಿ ಮೂಡಿತು. ಅದರ ಹಿಂದೆ ಕುಡಿದದ್ದೆಲ್ಲ ಹೊರಬಂತು. ಅಜ್ಜಂದಿರ ಬೆವರು, ಮುತ್ತಜ್ಜಿಯರ ಬೆವರು, ಕೋಟೆ ಕಟ್ಟಿದವರ ಬೆವರು ಮೆಟ್ಟಿಲ ಮೇಲೆ ಹೊಳೆಯಾಗಿ ಹರಿಯಿತು. ಯಾರ ಬೆವರಿನಿಂದ ಅವನು ಬದುಕಿದ್ದನೆಂದು ಜನ ಆಗ ಕಣ್ಣಾರೆ ಕಂಡರು. ಉಳಿದದ್ದು ಒಂದು ಒಣ ಮೆಣಸಿನಕಾಯಿಯಷ್ಟು. ಅದನ್ನು ಗಾಳಿ ಒಯ್ದಿತು. ಮಂತ್ರ ಕಳಚಿದ ಕರಡಿ ಬರೀ ಕರಡಿಯಾಗಿ ಮೈ ಕೊಡವಿ ಕಾಡಿನ ದಾರಿ ಹಿಡಿಯಿತು.

ಮಾಳವ್ವ ಅಣ್ಣನಿಗೆ ಹತ್ತಿಯ ಅಂಗಿ ತೊಡಿಸಿದಳು. ಅದು ಅವನ ಪಾದ ದಾಟಿ ನೆಲ ಗುಡಿಸುತ್ತಿತ್ತು.

"ಹೇಗಿದೆ ಅಣ್ಣಾ?"

ದ್ಯಾಮಣ್ಣ ಎದೆ ತುಂಬ ಉಸಿರು ಎಳೆದುಕೊಂಡ. ಆಮೇಲೆ ಹೇಳಿದ: "ಮೈ ಇದೆ ಅನ್ನುವುದೇ ಮರೆತುಹೋಗಿತ್ತು ತಂಗಿ."

ಅಂದಿನಿಂದ ಕೆಂಬಂಡೆಯಲ್ಲಿ ಬಟ್ಟೆಗೆ ಕಾನೂನಿಲ್ಲ. ಪ್ರತಿ ಮನೆಯ ಗುಡ್ಡೆಯೂ ಕರಗಿತು. ಉಣ್ಣೆ ಬಿಸಿಲು ಕಂಡು ಬೇವಿನೆಲೆಯ ಜೊತೆ ಪೆಟ್ಟಿಗೆ ಸೇರಿತು, ಇದ್ದವರ ಮನೆಯ ಹೆಚ್ಚಿನದು ಇಲ್ಲದವರ ಮನೆಗೆ ನಡೆಯಿತು, ಗೂಟಕ್ಕೆ ಕೈ ಹಾಕಿದರೆ ಬೇಕಾದದ್ದೇ ಸಿಗತೊಡಗಿತು. ರಾಜ ಪಂಚೆಯುಟ್ಟು ತನ್ನ ಬೆನ್ನನ್ನು ತಾನೇ ಕೆರೆದುಕೊಂಡ. ಜನ ಎಂಬತ್ತು ತೊಂಬತ್ತು ವರ್ಷ ಬದುಕಿದರು, ಸಂಜೆ ಜಗುಲಿಯಲ್ಲಿ ಕುಳಿತು ಗಾಳಿ ಕುಡಿದರು. ದ್ಯಾಮಣ್ಣ ಮದುವೆಯಾದ. ಮಾಳವ್ವನ ಮಜ್ಜಿಗೆಗೆ ಅರಮನೆಯವರೂ ಎಲ್ಲರ ಜೊತೆ ಸಾಲಿನಲ್ಲಿ ನಿಂತರು, ಎಲ್ಲರೂ ತಂಪಾಗಿ, ಸುಖವಾಗಿ ಬಾಳಿದರು.